ಅಳಿಯ ತಂದ ಮೀನು

ನೀರು ತುಂಬಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲವನ್ನು ಯಾರ ಕೈಯಲ್ಲಾದರೂ ಕಂಡರೆ ನನ್ನ ಎದೆ ಇವತ್ತಿಗೂ ಒಮ್ಮೆ ಧಸಕ್ಕೆನ್ನುತ್ತದೆ. ಮೊನ್ನೆ ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಅಂಥದೇ ಚೀಲ ಹಿಡಿದು ನಿಂತಿದ್ದರು. ತಡೆಯಲಾರದೆ ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ, ಬಗ್ಗಿ ನೋಡಿದೆ. ಕಬ್ಬಿನ ಹಾಲು. "ಕುಡೀತೀರೇನ್ರಿ?" ಎಂದು ಅವರು ಮರ್ಯಾದೆಯಿಂದಲೇ ಕೇಳಿದರು. ನಾನು ಅಷ್ಟೇ ಮರ್ಯಾದೆಯಿಂದ ಹಿಂದೆ ಸರಿದು ಬಂದೆ.

ಅಂಗಡಿಯಿಂದ ತಂದ ಹೊಸ ಮೀನನ್ನು ಅವತ್ತೇ ಹಳೆಯ ಮೀನಿನ ಜೊತೆಗೆ ಬಿಡಬೇಕೋ, ಕೆಲವು ದಿನ ಬೇರೆ ನೀರಿನಲ್ಲಿಟ್ಟು, ರೋಗರುಜಿನ ಇಲ್ಲವೆಂದು ಖಾತ್ರಿಯಾದ ಮೇಲೆ ಬಿಡಬೇಕೋ? ಈ ಪ್ರಶ್ನೆ ನಿಮಗೆ ಬಹಳ ಸಣ್ಣದಾಗಿ ಕಾಣಬಹುದು. ನಮ್ಮ ಮನೆಯಲ್ಲಿ ಮಾತ್ರ ಅದು ಬೀಗತನವನ್ನೇ ಅಲ್ಲಾಡಿಸಿತ್ತು.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುವ ಮಾಸ್ತರ. ಮೀನು ಸಾಕುವ ಹವ್ಯಾಸ ನನ್ನದಲ್ಲ, ನಮ್ಮ ಸಾಲೆಯ ವಿಜ್ಞಾನದ ಕುಲಕರ್ಣಿ ಸರ್ ಅವರದು. ಅವರಿಗೆ ಬೈಲಹೊಂಗಲಕ್ಕೆ ವರ್ಗವಾಯಿತು. ಸಾಮಾನು ಒಯ್ಯುವ ಲಾರಿಯವನು ಗಾಜಿನ ತೊಟ್ಟಿಯನ್ನು ನೋಡಿ, ದಾರಿಯಲ್ಲಿ ಒಡೆದರೆ ತಾನು ಜವಾಬ್ದಾರನಲ್ಲ ಎಂದ. ಕುಲಕರ್ಣಿ ಸರ್ ತೊಟ್ಟಿಯನ್ನೂ ಅದರಲ್ಲಿದ್ದ ಒಂದೇ ಒಂದು ದೊಡ್ಡ ಕೇಸರಿ ಬಣ್ಣದ ಗೋಲ್ಡ್‌ಫಿಶ್ಶನ್ನೂ ನಮ್ಮ ಮನೆಗೆ ತಂದಿಟ್ಟು, ಕಣ್ಣೀರು ಒರೆಸಿಕೊಂಡು ಹೋದರು. ಹೋಗುವಾಗ ಹೇಳಿದ್ದು ಒಂದೇ ಮಾತು: "ಹೊಸಾ ಮೀನು ತಂದ್ರ ಸೀದಾ ಇದರಾಗ ಬಿಡಬ್ಯಾಡ್ರಿ, ಸರ್. ಬ್ಯಾರೆ ಇಟ್ಟು ನೋಡಿ ಬಿಡ್ರಿ. ಇದು ವಯಸ್ಸಾದ ಜೀವ ಅದ."

ಅವ್ವ ಮೊದಲ ದಿನ ತೊಟ್ಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದು ಹಾಲು ಕೊಡಂಗಿಲ್ಲ, ಬೊಗಳಂಗಿಲ್ಲ, ನೇಗಿಲಾ ಎಳಿಯಂಗಿಲ್ಲ. ಯಾಕ ತಂದಿ?" ಎಂದು ಕೇಳಿದ್ದಳು. ಅವ್ವನಿಗೆ ಕಿವಿ ಮಂದ. ಅವಳ ಜೊತೆ ಮಾತಾಡಬೇಕಾದರೆ ನಾವೆಲ್ಲ ಓಣಿಗೆ ಕೇಳುವಂತೆ ಕೂಗಬೇಕು. ಕೂಗಿ ಕೂಗಿ ಸಾಕಾಗಿ ಮನೆಯಲ್ಲಿ ಎಲ್ಲರೂ ಅವಳೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಿಗೆ ಬಂದು ನಿಂತಿದ್ದೆವು. ಮೀನಿನ ಜೊತೆ ಆ ತೊಂದರೆಯಿಲ್ಲ. ಅದು ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತಿತ್ತು, ಅವ್ವ ಅದು ಏನೋ ಕೇಳಿತೆಂದು ಉತ್ತರ ಕೊಡುತ್ತಿದ್ದಳು. "ಹೂಂ, ಇವತ್ತ ಬದನಿಕಾಯಿ ಪಲ್ಯಾ. ನಿನಗ ಬ್ಯಾಡದು." ವಾರ ಕಳೆಯುವುದರೊಳಗೆ ಅದಕ್ಕೆ ಗೌಡ ಎಂದು ಹೆಸರಿಟ್ಟಳು. ಹೊಟ್ಟೆ ಮುಂದೆ ಮಾಡಿಕೊಂಡು, ಅವಸರವಿಲ್ಲದೆ, ತನ್ನ ಸೀಮೆಯನ್ನು ಸುತ್ತು ಹಾಕುವ ಅದರ ನಡಿಗೆಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ನಾನೊಮ್ಮೆ ಉತ್ಸಾಹದಿಂದ ಗೌಡನ ಚಿತ್ರ ಬರೆದು ಸಾಲೆಯ ಸ್ಟಾಫ್ ರೂಮಿನಲ್ಲಿ ತೂಗುಹಾಕಿದೆ. ಬಂದವರೆಲ್ಲ ಪಪ್ಪಾಯಿ ಬಹಳ ಚೆನ್ನಾಗಿ ಬಂದಿದೆ ಎಂದರು.

ಹೀಗಿರುವಾಗ ನಮ್ಮ ಮಗಳು ಪಲ್ಲವಿಯ ಮದುವೆಯಾಯಿತು. ಅಳಿಯ ಮಹಾಂತೇಶ ಸವದತ್ತಿಯವರು. ಅಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಎತ್ತರದ ಆಳು, ಇಸ್ತ್ರಿ ಕೆಡದ ಅಂಗಿ, ಅಳೆದು ತೂಗಿ ಆಡುವ ಮಾತು. ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತರೆ ಎರಡನೆಯ ರೊಟ್ಟಿಗೆ ಕೈ ಅಡ್ಡ ಹಿಡಿದುಬಿಡುತ್ತಿದ್ದರು. ನನ್ನ ಹೆಂಡತಿ ಗಿರಿಜಾ ಇದರಿಂದ ಬಹಳ ನೊಂದಿದ್ದಳು. "ನಮ್ಮ ಕೈ ರುಚಿ ಅವರಿಗೆ ಸೇರವಲ್ದು" ಎಂದು ನನಗೆ, ನಾನೇ ಅಡುಗೆ ಮಾಡಿದವನಂತೆ, ಜೋರು ಮಾಡುತ್ತಿದ್ದಳು.

ಪಂಚಮಿಗೆ ಪಲ್ಲವಿ ತವರಿಗೆ ಬಂದಳು. ಹಿತ್ತಿಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದೆವು. ಹಬ್ಬ ಮುಗಿದ ಮೇಲೆ ಅವಳನ್ನು ಕರೆದೊಯ್ಯಲು ಅಳಿಯಂದಿರು ಬಂದರು. ಅವರ ಕೈಯಲ್ಲಿತ್ತು, ನೀರು ತುಂಬಿದ ಆ ಚೀಲ. ಒಳಗೆ ಎರಡು ಕರೀ ಮೀನು. ಕಣ್ಣುಗಳು ಟ್ರ್ಯಾಕ್ಟರಿನ ದೀಪಗಳಂತೆ ಹೊರಗೆ ಬಂದಿದ್ದವು.

"ಸಾಮಾನು ತರಾಕ ಬೆಳಗಾವಿಗೆ ಹೋಗಿದ್ದೆರಿ, ಮಾವಾರ" ಎಂದರು ಅಳಿಯಂದಿರು. "ಗೌಡಗ ಜೋಡಿಲ್ಲ ಅಂತ ಅಜ್ಜಿ ಫೋನಿನ್ಯಾಗ ಅಂದಿದ್ರಲ್ಲಾ. ಅದಕ್ಕ ತಂದೆ."

ಇಷ್ಟು ಒಳ್ಳೆಯ ಮಾತಿಗೆ ನಾನು ಕೊಟ್ಟ ಉತ್ತರ ಏನು ಗೊತ್ತೇ? "ಒಂದು ಟಬ್ ತರತೇನಿ ತಡೀರಿ" ಎಂದೆ.

ಗಿರಿಜಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಬಾಗಿಲ ಹಿಂದೆ ನಿಂತು ನಾವು ಪಿಸುಮಾತಿನಲ್ಲಿ ಜಗಳವಾಡಿದೆವು.

"ಅಳಿಯಾ ಹುರುಪಿಲೆ ಮೀನು ತಂದಾರ. ನೀವು ಅವನ್ನ ಅರಿವಿ ಒಗಿಯೂ ಟಬ್ಬಿನ್ಯಾಗ ಹಾಕತೀರಿ?"

"ಕುಲಕರ್ಣಿ ಸರ್ ಹೇಳ್ಯಾರ. ಹೊಸಾ ಮೀನಿಗೆ ಏನರ ರೋಗಾ ಇದ್ರ ಗೌಡಗೂ ಹತ್ತತೈತಿ."

"ಹಂಗಂತ ಅಳಿಯಂದ್ರ ಮುಂದ ಹೇಳತೀರಿ? ನೀವು ತಂದದ್ದು ರೋಗದ್ದು ಅಂತ?"

ನಮ್ಮ ಮನೆಯ ಪಿಸುಮಾತುಗಳಿಗೆ, ಅವ್ವನ ಕಿವಿಯಿಂದಾಗಿ, ಪಿಸುಗುಟ್ಟುವ ಅಭ್ಯಾಸವೇ ತಪ್ಪಿಹೋಗಿದೆ. ಹೊರಗೆ ಬಂದಾಗ ಅಳಿಯಂದಿರು ಚೀಲವನ್ನು ಎತ್ತಿ ಹಿಡಿದು ಮೀನುಗಳನ್ನು ನೋಡುತ್ತಿದ್ದರು.

"ಇವಕ್ಕ ಏನರ ಐತೇನ್ರಿ, ಮಾವಾರ?" ಎಂದು ಕೇಳಿದರು.

"ಛೇ ಛೇ! ಏನೂ ಇಲ್ರಿ. ಭಾಳ ಛಲೋ ಅದಾವ. ಸುಮ್ನ... ಪ್ರಯಾಣಾ ಮಾಡಿ ಬಂದಾವು... ದಣಿದಿರತಾವು..." ಎಂದು ನಾನು ತಡವರಿಸಿದೆ. ಪಲ್ಲವಿ ನನ್ನ ಕಡೆ ಒಂದು ನೋಟ ಹರಿಸಿದಳು. ತವರಿನ ಮಾನ, ಗಂಡನ ಮಾನ ಎರಡನ್ನೂ ಒಟ್ಟಿಗೆ ಕಳೆಯುತ್ತಿರುವ ಅಪ್ಪನ ಕಡೆ ಮಗಳು ಹೇಗೆ ನೋಡುತ್ತಾಳೋ ಹಾಗೆ.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಅವ್ವನ ಜಾಯಮಾನವಲ್ಲ. ಅವಳು ತೊಟ್ಟಿಯ ಪಕ್ಕದ ತನ್ನ ಕುರ್ಚಿಯಿಂದಲೇ, "ಹೊಸಾದು ಹೊರಗ ಕಟ್ಟೂದು ನಮ್ಮ ಮನಿ ಪದ್ಧತಿ. ಎತ್ತಾದ್ರೂ ಅಷ್ಟ, ಮೀನಾದ್ರೂ ಅಷ್ಟ" ಎಂದುಬಿಟ್ಟಳು.

ಅವ್ವ ಹೇಳಿದ್ದು ಸುಳ್ಳಲ್ಲ. ನಮ್ಮೂರು ಸುರೇಬಾನದಲ್ಲಿ ನಮ್ಮಜ್ಜ ಸಂತೆಯಿಂದ ಯಾವ ಎತ್ತು ತಂದರೂ ಅದನ್ನು ನೇರವಾಗಿ ಗೋದಲಿಗೆ ಕಟ್ಟುತ್ತಿರಲಿಲ್ಲ. ಕಾಲುಬೇನೆ, ಬಾಯಿಬೇನೆ ಇದ್ದರೆ ಇದ್ದಬದ್ದ ದನಕ್ಕೆಲ್ಲ ಹತ್ತುತ್ತದೆಂದು ಅಂಗಳದ ಆಚೆ ಬೇರೆ ಗೂಟ ಹೊಡೆದು, ಬೇರೆ ಬಕೀಟಿನಲ್ಲಿ ನೀರು ಕುಡಿಸುತ್ತಿದ್ದ. ಒಮ್ಮೆ ಹಾಗೆ ಕಟ್ಟಿದ್ದ ಒಂದು ಬಿಳಿ ಎತ್ತು, ಅಲ್ಲೇ ಒಣಹಾಕಿದ್ದ ಅಜ್ಜಿಯ ಇಳಕಲ್ ಸೀರೆಯ ಸೆರಗನ್ನು ಪೂರ್ತಿ ತಿಂದು, ದಡಿಯನ್ನು ಮಾತ್ರ ಬಾಯಲ್ಲಿ ಆಡಿಸುತ್ತ ನಿಂತಿತ್ತು. ಅಜ್ಜಿ ಊರು ಒಂದು ಮಾಡಿದಳು. ಅಜ್ಜ ಶಾಂತವಾಗಿ, "ಮನಿ ಮಂದೀದು ಗುರುತ ಮಾಡ್ಕೊಳ್ಳಾಕ ಹತ್ತೈತಿ, ಇರ್ಲಿ ಬಿಡು" ಎಂದ. ಅಜ್ಜಿ ಎತ್ತನ್ನು ಬಿಟ್ಟು ಅಜ್ಜನ ಕಡೆ ತಿರುಗಿದಳು. ಚಿಕ್ಕವನಾದ ನನಗೆ ಆ ಎತ್ತಿನ ಮೇಲೆ ಬಹಳ ಗೌರವ ಬಂದಿತ್ತು. ನಮ್ಮ ಮನೆಯಲ್ಲಿ ಅಜ್ಜಿಯ ಸೀರೆಗೆ ಬಾಯಿ ಹಾಕುವ ಧೈರ್ಯ ಮತ್ತಾರಿಗೂ ಇರಲಿಲ್ಲ.

ಆದರೆ ಇದೆಲ್ಲ ಅಳಿಯಂದಿರಿಗೆ ಹೇಗೆ ಗೊತ್ತಾಗಬೇಕು? ಅವರಿಗೆ ಕೇಳಿಸಿದ್ದು ಎರಡೇ: ಹೊಸದು, ಹೊರಗೆ. ಮುಖ ಬಾಡಿತು. ಚೀಲವನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟರು. ಹಬ್ಬದ ಉಂಡಿಯ ತಾಟು ಮುಂದೆ ಬಂದರೆ, "ಸಾಕ್ರಿ" ಎಂದರು. ಒಂದನ್ನೂ ತಿಂದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇವತ್ತ ಸಂಜೀ ಬಸ್ಸಿಗೇ ಹೊಂಡತೇವ್ರಿ. ಅಂಗಡ್ಯಾಗ ಕೆಲಸಾ ಭಾಳ ಐತಿ" ಎಂದರು.

ಅಳಿಯನ ಸಿಟ್ಟನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ನಾನೂ ಒಂದು ಕಾಲಕ್ಕೆ ಬೈಲಹೊಂಗಲದ ಅಳಿಯ. ಅಲ್ಲಿ ಒಮ್ಮೆ ನನ್ನ ಷಡ್ಡಕನಿಗೆ ಪಿಂಗಾಣಿ ಕಪ್ಪು-ಬಸಿಯಲ್ಲಿ ಚಹಾ ಬಂತು, ನನಗೆ ಸ್ಟೀಲಿನ ಲೋಟದಲ್ಲಿ. ನಾನು ಚಹಾ ಬಿಟ್ಟೆನೆಂದು ಘೋಷಿಸಿದೆ. ಇಡೀ ದಿನ ಯಾರೂ ನನ್ನನ್ನು ಒತ್ತಾಯ ಮಾಡಲೇ ಇಲ್ಲ. ನಿಜವಾಗಿ ಬಿಟ್ಟಿದ್ದಾನೆಂದು ನಂಬಿ, ನನ್ನ ಸಂಯಮವನ್ನು ಹೊಗಳಿದರು. ಕೊನೆಗೆ ತಲೆ ಸಿಡಿಯತೊಡಗಿ, ವಾಕಿಂಗ್ ಹೋಗುತ್ತೇನೆಂದು ಹೇಳಿ ಬಸ್‌ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು ಬಂದೆ. ಆದ್ದರಿಂದ ಮಹಾಂತೇಶರ "ಸಾಕ್ರಿ" ಎಷ್ಟು ಆಳದಿಂದ ಬಂದದ್ದೆಂದು ನನಗೆ ಗೊತ್ತಿತ್ತು.

ಗಿರಿಜಾ ಒಮ್ಮೆ ಕಣ್ಣು ಬಿಟ್ಟು ನೋಡಿದರೆ ನನ್ನ ಸಿದ್ಧಾಂತಗಳು ಬಹಳ ಹೊತ್ತು ನಿಲ್ಲುವುದಿಲ್ಲ. ಅವತ್ತೂ ನಿಲ್ಲಲಿಲ್ಲ. "ಬರ್ರಿ ಅಳಿಯಂದ್ರ, ನಿಮ್ಮ ಕೈಲೇನ ಬಿಡ್ರಿ" ಎಂದು ತೊಟ್ಟಿಯ ಮುಚ್ಚಳ ತೆಗೆದೆ. ಗೌಡನ ಕಡೆ ನೋಡುವ ಧೈರ್ಯವಾಗಲಿಲ್ಲ. ಅಳಿಯಂದಿರು ಬಿಗುಮಾನ ಬಿಡದೆ ಎದ್ದು ಬಂದರು, ಚೀಲ ಹಿಡಿದು ತೊಟ್ಟಿಯ ಮೇಲೆ ಬಗ್ಗಿದರು. ಅಂಗಿಯ ಕಾಲರು ಸರಿಯಿತು. ಅವರ ಕುತ್ತಿಗೆ ಸರಿಯಾಗಿ ಅವ್ವನ ಮೂಗಿನ ಮುಂದೆ ಬಂತು.

ಅವ್ವನಿಗೆ ಕಿವಿ ಮಂದ, ಕಣ್ಣಲ್ಲ.

"ತಡಿಯಪಾ. ಹಿಂಗ ಬೆಳಕಿಗೆ ತಿರುಗು" ಎಂದಳು. ಕುತ್ತಿಗೆ ನೋಡಿದಳು. ಅಂಗಿಯ ಮೇಲಿನ ಗುಂಡಿ ಬಿಚ್ಚಿಸಿ ಎದೆ ನೋಡಿದಳು. ಹಣೆಗೆ ಹಿಂಗೈ ಮುಟ್ಟಿಸಿದಳು. "ಜ್ವರಾ ಯಾವಾಗಿಂದ?"

"ನಿನ್ನೀಯಿಂದ ಸ್ವಲ್ಪ ಮೈ ಬೆಚ್ಚಗೈತ್ರಿ, ಅಜ್ಜಿ. ಈ ಗುಳ್ಳಿ ಸೆಕಿಗೆ ಎದ್ದಾವು" ಎಂದು ಅಳಿಯಂದಿರು ಅವಳ ಕಿವಿಯ ಹತ್ತಿರ ಜೋರಾಗಿ ಹೇಳಿದರು.

"ಸೆಕಿ ಅಲ್ಲಪಾ. ಅಮ್ಮ ಎದ್ದಾಳ. ಬ್ಯಾಸಗಿಗೆ ಬರಾಕಿ, ಈ ಸಲ ಶ್ರಾವಣಕ್ಕ ಬಂದಾಳ."

ಡಾಕ್ಟರು ನೋಡಿ ಚಿಕನ್‌ಪಾಕ್ಸ್ ಎಂದರು. ಮಾತ್ರೆ, ಗುಳ್ಳೆಗೆ ಹಚ್ಚುವ ಔಷಧಿ ಬರೆದುಕೊಟ್ಟರು. ಬಸ್ಸು ಹತ್ತುವ ಮಾತೇ ಬೇಡ, ಗುಳ್ಳೆಯೆಲ್ಲ ಒಣಗುವವರೆಗೆ ಬೇರೆ ಕೋಣೆಯಲ್ಲಿರಲಿ, ಮೊದಲು ಈ ಬೇನೆ ಬಂದಿರದವರು ಹತ್ತಿರ ಹೋಗುವುದು ಬೇಡ ಎಂದರು. ಮನೆಗೆ ಬಂದು ನಾನು ಚಿಕನ್‌ಪಾಕ್ಸ್ ಎಂದು ಬಾಯಿ ತೆರೆದದ್ದೇ ತಡ, ಅವ್ವ ಬೈದಳು. ಆ ದೇವಿಗೆ ಅಂಥ ಹೆಸರು ಹಿಡಿದು ಕರೆದರೆ ಸಿಟ್ಟು ಬರುತ್ತದಂತೆ. ಅದರಲ್ಲೂ ಕೋಳಿಯ ಹೆಸರು.

ಪಲ್ಲವಿಗೆ ಚಿಕ್ಕಂದಿನಲ್ಲಿ ಬಂದಿತ್ತೋ ಇಲ್ಲವೋ ಎಂಬುದರ ಮೇಲೆ ನನಗೂ ಗಿರಿಜಾಗೂ ವಾದವಾಯಿತು. ಬಂದದ್ದು ಪಲ್ಲವಿಗೆ ಎಂದು ನಾನು, ನನ್ನ ತಂಗಿಯ ಮಗಳಿಗೆ ಎಂದು ಅವಳು. ತಂಗಿಗೆ ಫೋನು ಮಾಡಿದರೆ ಅವಳು, "ಬಂದದ್ದು ನಿನಗಣ್ಣಾ!" ಎಂದಳು. ಇದರಲ್ಲಿ ಖಚಿತವಾದದ್ದು ನನ್ನದೊಂದೇ. ಹಾಗಾಗಿ ಪಲ್ಲವಿಯನ್ನು ದೂರವಿಡುವುದು, ಅಳಿಯಂದಿರ ಸೇವೆಗೆ ನಾನು ನಿಲ್ಲುವುದು ಎಂದಾಯಿತು.

ಅವಸರದಲ್ಲಿ ಮತ್ತೆ ಟೀಪಾಯಿಯ ಮೇಲಿಟ್ಟು ಹೋಗಿದ್ದ ಚೀಲ ಇನ್ನೂ ಹಾಗೇ ಇತ್ತು. ಅವ್ವ ಅದರ ಕಡೆ ಬೆರಳು ಮಾಡಿ, "ಅವನ್ನೂ ಮ್ಯಾಲೆ ಒಯ್ಯಿ" ಎಂದಳು. ಮಹಡಿಯ ಖೋಲಿಯಲ್ಲಿ ಒಂದು ಕಡೆ ಬೇವಿನ ಸೊಪ್ಪು ಹಾಸಿದ ಹಾಸಿಗೆ, ಇನ್ನೊಂದು ಕಡೆ ನೀಲಿ ಟಬ್ಬು. ಅಳಿಯಂದಿರು ಚಾದರ ಹೊದ್ದು ಟಬ್ಬಿನ ಕಡೆ ನೋಡಿದರು. 

ಮೊದಮೊದಲು ನಮ್ಮಿಬ್ಬರಿಗೂ ಬಹಳ ಸಂಕೋಚ. ಮಾವ ಗಂಜಿ ತಂದರೆ ಅಳಿಯ ಎದ್ದು ಕೂರುವುದು, ಅಳಿಯ ಎದ್ದರೆ ಮಾವ ಮಲಗಿರೆಂದು ಹೇಳುವುದು, ಹೀಗೆ ಗಂಜಿ ಆರಿಹೋಗುತ್ತಿತ್ತು. ಬೆನ್ನು ತುರಿಸುತ್ತಿದ್ದರೂ ನನ್ನೆದುರು ತುರಿಸಿಕೊಳ್ಳದೆ ಅವರು ಗೋಡೆಗೆ ಒರಗಿ, ಮಾತಾಡುತ್ತಲೇ ಮೆಲ್ಲಗೆ ಅತ್ತಿತ್ತ ಸರಿಯುತ್ತಿದ್ದರು. ನಾನೇ ಬೇವಿನ ಟೊಂಗೆ ತೆಗೆದುಕೊಂಡು, "ತಿರುಗ್ರಿ" ಎಂದು ಬೆನ್ನಿಗೆ ಆಡಿಸಿದೆ. ಅವರು ಕಣ್ಣು ಮುಚ್ಚಿ, "ಇನ್ನಷ್ಟು ಮ್ಯಾಲೆ, ಮಾವಾರ" ಎಂದರು. ಅವತ್ತಿನಿಂದ ಮಾತು ಸಲೀಸಾಯಿತು.

ಕಿಟಕಿಯ ಕೆಳಗೆ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಪಲ್ಲವಿ ಅದರ ಮೇಲೆ ಕುಳಿತು ಮೇಲೆ ಮುಖ ಮಾಡಿ ಗಂಡನೊಡನೆ ಮಾತಾಡುತ್ತಿದ್ದಳು. "ಇವತ್ತ ಎಷ್ಟ ಎದ್ದಾವ್ರಿ?" "ಮೂಗಿನ ಮ್ಯಾಲೆ ಹೊಸಾದೊಂದ ಬಂದೈತಿ." "ತೋರಸ್ರಿ ನೋಡೂನು." "ಬ್ಯಾಡ." ಹೊಸ ಗಂಡಹೆಂಡಿರ ಸರಸ ಇಷ್ಟು ವೈದ್ಯಕೀಯವಾಗಿರುವುದನ್ನು ನಾನು ಮೊದಲ ಸಲ ಕೇಳಿದ್ದು. ಅವಳ ಕುತ್ತಿಗೆಯನ್ನು ಗಿರಿಜಾ ದಿನಾ ಬೆಳಿಗ್ಗೆ ಬಿಸಿಲಿಗೆ ಹಿಡಿದು ಪರೀಕ್ಷಿಸುತ್ತಿದ್ದಳು. ಪುಣ್ಯಕ್ಕೆ ಏನೂ ಏಳಲಿಲ್ಲ.

ಅಳಿಯಂದಿರು ಹಗಲೆಲ್ಲ ನೋಡುವುದಕ್ಕೆ ಟಬ್ಬೊಂದೇ. ಬಗ್ಗಿ ಬಗ್ಗಿ ಮೀನುಗಳನ್ನು ಮಾತಾಡಿಸುತ್ತಿದ್ದರು. ಒಂದು ಬೆಳಿಗ್ಗೆ ನಾನು ಗಂಜಿ ಒಯ್ದಾಗ ಟಬ್ಬಿನ ಮೇಲೆ ಅವರ ಟವೆಲು ಮುಚ್ಚಿತ್ತು. "ಮಲಗ್ಯಾವ್ರಿ" ಎಂದರು. ಮಧ್ಯಾಹ್ನವೂ ಮಲಗಿದ್ದವು. ಮರುದಿನವೂ. ಮೀನು ಇಷ್ಟು ಮಲಗುತ್ತವೆಯೇ ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಅವರೇ ಸಣ್ಣ ದನಿಯಲ್ಲಿ ಕರೆದರು.

"ಮಾವಾರ, ಬಾಗಲಾ ಹಾಕ್ರಿ."

ಹಾಕಿದೆ. ಅವರು ಟವೆಲು ಸರಿಸಿದರು. ಎರಡೂ ಮೀನುಗಳ ಕರೀ ಮೈಮೇಲೆ, ರೆಕ್ಕೆಯ ಮೇಲೆ, ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು.

"ನೋಡ್ರಿ" ಎಂದರು ಅಳಿಯಂದಿರು. "ಮೀನಿಗೂ ಎದ್ದೈತಿ. ನಂದ ಹತ್ತೈತ್ರಿ ಅವಕ್ಕ. ದಿನಾ ಬಗ್ಗಿ ಬಗ್ಗಿ ಮಾತಾಡ್ಸೀನಿ."

ನಾನು ಅವರ ಮೈ ನೋಡಿದೆ, ಮೀನಿನ ಮೈ ನೋಡಿದೆ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನಗೂ ಹೌದೆನಿಸಿತು. ನಾನು ಚಿತ್ರಕಲೆ ಮಾಸ್ತರ; ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಚುಕ್ಕೆ ಕಂಡರೆ ನನ್ನ ವಿಜ್ಞಾನ ಅಲ್ಲಿಗೇ ಮುಗಿಯುತ್ತದೆ. ಬೈಲಹೊಂಗಲಕ್ಕೆ ಫೋನು ಹಚ್ಚಿ, ಇಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಕುಲಕರ್ಣಿ ಸರ್ ಮೊದಲು ಮನಸಾರೆ ನಕ್ಕರು.

"ಮನುಷ್ಯಾರದು ಮೀನಿಗೆ ಹೆಂಗ ಹತ್ತತದ್ರಿ, ಸರ್? ಇದು ಮೀನಿಗೇ ಬರೂ ಬ್ಯಾರೆ ರೋಗ ಅದ. ಅಂಗಡಿಯಿಂದನ ಬಂದಿರ್ತದ. ಕಲ್ಲುಪ್ಪು ಹಾಕ್ರಿ, ನೀರು ಬೆಚ್ಚಗ ಇಡ್ರಿ, ದಿನಾ ಅಷ್ಟಷ್ಟು ನೀರು ಬದಲಿ ಮಾಡ್ರಿ. ಆದ್ರ ಆ ನೀರು ಒಂದು ಹನಿನೂ ಗೌಡನ ಕಡೆ ಹೋಗಬಾರದು ನೋಡ್ರಿ. ಅಂವಾ ತಡಕೊಳ್ಳಂಗಿಲ್ಲ."

ತನ್ನಿಂದ ಹತ್ತಿದ್ದಲ್ಲ ಎಂದು ಕೇಳಿ ಅಳಿಯಂದಿರ ಮುಖ ಅರಳಿತು. ಮರುಕ್ಷಣವೇ ಇಳಿಯಿತು. "ಅಂದ್ರ ನಾನು ರೋಗದ ಮೀನ ತಂದಂಗಾತಲ್ರಿ" ಎಂದರು. ಟವೆಲು ಮತ್ತೆ ಮುಚ್ಚುತ್ತ, "ಮಾವಾರ, ಕೆಳಗ ಹೇಳಬ್ಯಾಡ್ರಿ. ಅವತ್ತ ಅಷ್ಟ ಸಿಟ್ಟ ಮಾಡೀನಿ. ಈಗ ಮಾರಿ ಹೆಂಗ ತೋರಸ್ಲಿ?" ಎಂದರು.

ನಾನು ಹೇಳುವುದಿಲ್ಲವೆಂದೆ. ಆದರೆ ಗುಟ್ಟು ಕಾಯುವುದು ಎಷ್ಟು ಕಷ್ಟವೆಂದು ಉಪ್ಪು ಕದಿಯಲು ಹೋದಾಗ ತಿಳಿಯಿತು. ಹಿಡಿಯಲ್ಲಿ ಕಲ್ಲುಪ್ಪು ಮುಚ್ಚಿಕೊಂಡು ಮೆಟ್ಟಿಲು ಹತ್ತುವಾಗ ಅವ್ವ ಅಡ್ಡ ಬಂದಳು.

"ಏನದು? ಉಪ್ಪಾ? ಅವಗ ಉಪ್ಪು ಖಾರಾ ಕೊಡಬ್ಯಾಡ ಅಂದಿಲ್ಲೇನ ನಾನು?"

"ತಿನ್ನಾಕಲ್ಲವ್ವಾ. ಬಾಯಿ ಮುಕ್ಕಳಸಾಕ."

"ಏನು?"

"ಬಾಯಿ ಮುಕ್ಕಳಸಾಕ!"

ಕೆಳಗಿನಿಂದ ಗಿರಿಜಾ, "ಇಷ್ಟ ಉಪ್ಪಿನ್ಯಾಗ ಏನ ಬಾಯಿ ಮುಕ್ಕಳಸತಾರ ಸಮುದ್ರಾ ಮಾಡಿ?" ಎಂದಳು.

ನೀರು ಬೆಚ್ಚಗಿಡುವ ಕೆಲಸ ಅಳಿಯಂದಿರು ತಾವೇ ವಹಿಸಿಕೊಂಡರು. ಅಟ್ಟದಲ್ಲಿ ಬಿದ್ದಿದ್ದ ಹಳೆಯ ಹಳದಿ ಬಲ್ಬು, ಹೋಲ್ಡರು, ವಯರು ತರಿಸಿಕೊಂಡು, ಮೈಯೆಲ್ಲ ಗುಳ್ಳೆಯಿಟ್ಟುಕೊಂಡೇ ಟಬ್ಬಿನ ಮೇಲೆ ದೀಪ ಇಳಿಬಿಟ್ಟರು. ಮೊಣಕೈ ಅದ್ದಿ ನೀರಿನ ಬಿಸಿ ನೋಡುವುದು, ಲೋಟದಿಂದ ನೀರು ತೆಗೆಯುವುದು, ಹೊಸ ನೀರು ಹೊಯ್ಯುವುದು. ನಾನು ಕೆಳಗೆ ಇಳಿಯುವಾಗ, "ಕೈ ತೊಳಕೊಂಡ್ರೇನ್ರಿ? ಸಾಬೂನ ಹಚ್ಚಿ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಗೌಡನ ಆರೋಗ್ಯದ ಬಗ್ಗೆ ಕುಲಕರ್ಣಿ ಸರ್ ಕೂಡ ನನ್ನನ್ನು ಇಷ್ಟು ಕಾಡಿರಲಿಲ್ಲ.

ಅಷ್ಟು ಮಾಡಿದರೂ ಎರಡರಲ್ಲಿ ಸಣ್ಣ ಮೀನು ಉಳಿಯಲಿಲ್ಲ. ಒಂದು ಮುಂಜಾನೆ ನಾನು ಹೋದಾಗ ಅದು ನೀರಿನ ಮೇಲೆ ಅಡ್ಡಲಾಗಿ ತೇಲುತ್ತಿತ್ತು. ಅಳಿಯಂದಿರು ಟಬ್ಬಿನ ಪಕ್ಕ ನೆಲದ ಮೇಲೆ ಕುಳಿತಿದ್ದರು. ಎಷ್ಟೋ ಹೊತ್ತಿನಿಂದ ಹಾಗೇ ಕುಳಿತಂತಿತ್ತು. ನಾನೂ ಪಕ್ಕದಲ್ಲಿ ಕುಳಿತೆ.

"ಅವತ್ತ ಗೌಡನ ಕೂಡ ಬಿಟ್ಟಿದ್ರ..." ಎಂದರು. ಕೆಳಗೆ ಅವ್ವ ಗೌಡನಿಗೆ ಏನೋ ಹೇಳಿ ಒಬ್ಬಳೇ ನಗುವುದು ಕೇಳಿಸಿತು. ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಕಣ್ಣಿಗೆ ಗುಳ್ಳೆಯ ಔಷಧಿ ತಾಗಿತೆಂದರು. ನಾನು ಹೂಂ ಎಂದೆ.

ಮೀನನ್ನು ಪೇಪರಿನಲ್ಲಿ ಸುತ್ತಿ ಹಿತ್ತಿಲಿನ ಕರಿಬೇವಿನ ಗಿಡದ ಬುಡದಲ್ಲಿ ಹುಗಿಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಗಿರಿಜಾ, "ಏನ ಮಾಡಾಕ ಹತ್ತೀರಿ ಅಲ್ಲೆ?" ಎಂದಳು. "ಗಿಡಕ್ಕ ಗೊಬ್ಬರಾ ಹಾಕಾಕ ಹತ್ತೇನಿ" ಎಂದೆ. ಮದುವೆಯಾದಂದಿನಿಂದ ನಾನು ಗಿಡಕ್ಕೆ ನೀರನ್ನೂ ಹಾಕಿದವನಲ್ಲ. ಅವಳು ಬಹಳ ಹೊತ್ತು ಕಿಟಕಿ ಬಿಟ್ಟು ಹೋಗಲಿಲ್ಲ.

ಕೊನೆಗೆ ಅಳಿಯಂದಿರ ಗುಳ್ಳೆಗಳೆಲ್ಲ ಒಣಗಿದವು. ಬೇವಿನ ಸೊಪ್ಪು, ಅರಿಶಿನ ಹಾಕಿ ನೀರು ಕಾಯಿಸಿ ಎರೆಸಿದೆವು. ಗಿರಿಜಾ ಹೋಳಿಗೆ ಮಾಡಿದಳು, ಆರತಿ ಸಿದ್ಧಮಾಡಿದಳು, ಸಾಲದ್ದಕ್ಕೆ ಪಕ್ಕದ ಮನೆಯ ಹೆಣ್ಣುಮಕ್ಕಳನ್ನೂ ಕರೆದಳು. ಅವತ್ತಿನ ಅವಮಾನವನ್ನು ಇವತ್ತು ಬಡ್ಡಿ ಸಮೇತ ತೊಳೆಯುವುದೆಂದು ಅವಳ ನಿಶ್ಚಯ. ಇಸ್ತ್ರಿ ಅಂಗಿ ತೊಟ್ಟು ಅಳಿಯಂದಿರು ಮೆಟ್ಟಿಲಿಳಿದು ಬಂದರು.

"ಎಲ್ರೀ ಮೀನು? ತರ್ರಿ" ಎಂದಳು ಗಿರಿಜಾ. "ಇವತ್ತ ನಿಮ್ಮ ಕೈಲೇನ ಗೌಡನ ಕೂಡ ಬಿಡ್ರಿ. ಆರತಿ ಮಾಡತೇನಿ."

ಅಳಿಯಂದಿರು ಕೊನೆಯ ಮೆಟ್ಟಿಲ ಮೇಲೇ ನಿಂತರು. "ಈಗ ಬ್ಯಾಡ್ರಿ, ಅತ್ತಿಯವರ. ಇನ್ನಷ್ಟು ದಿನಾ ಮ್ಯಾಲೇನ ಇರ್ಲಿ."

ಗಿರಿಜಾ ಆರತಿ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. "ನಿಮ್ಮ ಸಿಟ್ಟ ಇನ್ನೂ ಇಳಿದಿಲ್ಲೇನ್ರಿ? ಅವ್ವ ಹಳೀ ಕಾಲದಾಕಿ, ಎತ್ತು ಅದು ಇದು ಅಂದ್ಲು. ಇವರಿಗಂತೂ ಯಾವ ಹೊತ್ತಿನ್ಯಾಗ ಏನ ಮಾತಾಡಬೇಕು ತಿಳಿಯಂಗಿಲ್ಲ. ಮನಸಿನ್ಯಾಗ ಇಟಗೋಬ್ಯಾಡ್ರಿ" ಎಂದಳು. ಕಣ್ಣಲ್ಲಿ ನೀರು.

ಅಳಿಯಂದಿರು ನನ್ನ ಕಡೆ ನೋಡಿದರು. ನಾನು ಸೂರಿನ ಕಡೆ ನೋಡಿದೆ. ಕೊನೆಗೆ ಅವರೇ, "ಸಿಟ್ಟಲ್ರಿ, ಅತ್ತಿಯವರ. ನಾ ತಂದ ಮೀನಿಗೆ ರೋಗಾ ಬಂದಿತ್ರಿ. ಒಂದು ಸತ್ತಹೋತು. ಇನ್ನೊಂದು ಈಗಷ್ಟ ಆರಾಮ ಆಗಾಕ ಹತ್ತೈತಿ. ಈಗ ಬಿಟ್ರ ಗೌಡಗ ಹತ್ತತೈತಿ" ಎಂದರು.

ಅವ್ವ ಕಿವಿಗೆ ಕೈ ಹಚ್ಚಿ, "ಏನಂದಾ?" ಎಂದು ನನ್ನನ್ನು ಕೇಳಿದಳು.

"ಮೀನಿಗೆ ಆರಾಮಿಲ್ಲಂತ" ಎಂದೆ ಮೆಲ್ಲಗೆ.

"ಏನು?"

"ರೋಗಾ ಬಂದಿತ್ತಂತ!"

"ಯಾರಿಗೆ?"

"ಅಳಿಯಂದ್ರು ತಂದ ಮೀನಿಗೆ ರೋಗಾ ಬಂದಿತ್ತಂತವ್ವಾ!" ಎಂದು ಕೂಗಿದೆ. ಪಕ್ಕದ ಮನೆಯವರು ಕೇಳಿದರು, ಎದುರು ಮನೆಯ ಕಿಟಕಿ ತೆರೆಯಿತು, ರಸ್ತೆಯಲ್ಲಿ ಹೊರಟಿದ್ದ ತರಕಾರಿ ಗಾಡಿಯವನು ನಿಂತು ಒಳಗೆ ಇಣುಕಿದ. ಮಹಡಿಯಲ್ಲಿ ಅಷ್ಟು ದಿನ ಟವೆಲಿನ ಕೆಳಗೆ ಮುಚ್ಚಿಟ್ಟಿದ್ದನ್ನು ನಾನು ಒಂದೇ ಉಸಿರಿಗೆ ಓಣಿಗೆ ಹಂಚಿದ್ದೆ. ಅಳಿಯಂದಿರು ಕಣ್ಣು ಮುಚ್ಚಿಕೊಂಡರು. ಪಲ್ಲವಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಮೊದಲು ನಕ್ಕವಳು ಅವಳೇ. ಆಮೇಲೆ ಅಳಿಯಂದಿರ ತುಟಿ ಅಲುಗಿತು. ಗಿರಿಜಾ ಕಣ್ಣೊರೆಸಿಕೊಳ್ಳುತ್ತಲೇ ನನ್ನ ಕಡೆ ತಿರುಗಿ, "ಗೊಬ್ಬರಾ ಹಾಕಿದ್ರಿ, ಹೌದಲ್ರಿ?" ಎಂದಳು.

ಅವ್ವ ಮಾತ್ರ ನಗಲಿಲ್ಲ. ಎದ್ದು ಹೋಗಿ ಅಳಿಯನ ಎದುರು ನಿಂತಳು. "ನೀ ಆರಾಮಿಲ್ಲದಾಗ ಅದನ್ನ ನೀನ ಜ್ವಾಕಿ ಮಾಡಿದಿ?"

ಅವರು ಹೌದೆಂದು ತಲೆಯಾಡಿಸಿದರು. ಅವ್ವ ಕೈಯೆತ್ತಿ ಅವರ ಗಲ್ಲದ ಮೇಲಿನ ಒಣಗಿದ ಕಲೆಗಳನ್ನು ಒಂದೊಂದಾಗಿ ಮುಟ್ಟಿದಳು. "ನನ್ನ ಗೌಡನ್ನ ಉಳಿಸಿದಿ" ಎಂದಳು. ಆರತಿ ಕೊನೆಗೆ ಅಳಿಯಂದಿರಿಗೇ ಆಯಿತು.

ಅವರು ಪಲ್ಲವಿಯನ್ನು ಕರೆದುಕೊಂಡು ಸವದತ್ತಿಗೆ ಹೋದರು. ದಿನಾ ಫೋನು ಬರುತ್ತಿತ್ತು: ನೀರು ಬದಲಿಸಿದ್ರೇನ್ರಿ, ಚುಕ್ಕಿ ಮತ್ತ ಎದ್ದಾವೇನ್ರಿ. ಮೀನಿನ ಕ್ಷೇಮಸಮಾಚಾರ ಪೂರ್ತಿ ಮುಗಿದ ಮೇಲೆ, "ನೀವೆಲ್ಲಾ ಆರಾಮ?" ಎಂದು ನಮ್ಮದೂ ಒಂದಿಷ್ಟು ವಿಚಾರಿಸುತ್ತಿದ್ದರು. ಚುಕ್ಕೆ ಪೂರ್ತಿ ಹೋಗಿ, ಅದಾದ ಮೇಲೂ ಬಹಳ ದಿನ ಕಾದು, ಕುಲಕರ್ಣಿ ಸರ್ ಕಡೆಯಿಂದ ಅಪ್ಪಣೆಯಾದ ಮೇಲೆ, ಒಂದು ಭಾನುವಾರ ಗಂಡಹೆಂಡತಿ ಇಬ್ಬರೂ ಬಂದರು.

ಮೀನನ್ನು ಬಿಡುವ ಕೆಲಸಕ್ಕೆ ಅಳಿಯಂದಿರು ಮಧ್ಯಾಹ್ನವನ್ನೆಲ್ಲ ತೆಗೆದುಕೊಂಡರು. ಗೌಡನ ತೊಟ್ಟಿಯ ನೀರನ್ನು ಒಂದೊಂದೇ ಲೋಟ ಕೂಡಿಸುವುದು, ಕಾಯುವುದು, ಮತ್ತೆ ಕೂಡಿಸುವುದು. ನೋಡಲು ಬಂದ ಪಕ್ಕದ ಮನೆಯವರು ಬೇಸತ್ತು ಎದ್ದುಹೋದರು. ಕೊನೆಗೆ ಜಾಳಿಗೆಯಿಂದ ಎತ್ತಿ ಬಿಟ್ಟರು. ಕರೀ ಮೀನು ತನ್ನ ಟ್ರ್ಯಾಕ್ಟರ್ ದೀಪಗಳನ್ನು ಹೊತ್ತುಕೊಂಡು ತೊಟ್ಟಿಯ ನಡುವೆ ನಿಂತಿತು. ಗೌಡ ನಿಧಾನವಾಗಿ ಬಂದ. ಮೂಗಿಗೆ ಮೂಗು ಹಚ್ಚುವಷ್ಟು ಹತ್ತಿರ ಬಂದು ನೋಡಿದ. ಗೌಡ ಬೆನ್ನು ತಿರುಗಿಸಿ, ಕಲ್ಲಿನ ಹಿಂದೆ ಹೋಗಿಬಿಟ್ಟ.

"ಗೌಡ್ಯಾ! ಮನಿಗೆ ಬಂದವರ ಜೋಡಿ ಹಿಂಗ ಮಾಡತಾರೇನ?" ಎಂದು ಅವ್ವ ಗಾಜು ಬಡಿದಳು.

ನಾನು ಹೆದರಿಕೆಯಿಂದ ಅಳಿಯಂದಿರ ಮುಖ ನೋಡಿದೆ. ಅವರು ಅಂಗಿಯ ತೋಳು ಕೆಳಗಿಳಿಸಿ, ಕೈ ಒರೆಸಿಕೊಂಡು, "ಇರ್ಲಿ ಬಿಡ್ರಿ, ಅಜ್ಜಿ. ರೂಢಿ ಆಗಬೇಕಲ್ರಿ" ಎಂದರು. ಎದ್ದು ಸೀದಾ ಅಡುಗೆಮನೆಗೆ ನಡೆದರು. ಗಿರಿಜಾ ಏನು ಬೇಕೆಂದು ಕೇಳುವಷ್ಟರಲ್ಲಿ ತಾವೇ ರೊಟ್ಟಿ ಬುಟ್ಟಿಯ ಮೇಲಿನ ಅರಿವೆ ಸರಿಸಿ, ಒಂದರ ಮೇಲೊಂದು ಎರಡು ರೊಟ್ಟಿ ತೆಗೆದುಕೊಂಡು, ಶೇಂಗಾ ಚಟ್ನಿಪುಡಿಯ ಡಬ್ಬಿ ಎಲ್ಲಿದೆಯೆಂದು ಹುಡುಕತೊಡಗಿದರು.

"ಅಯ್ಯ! ಅವು ನಿನ್ನೀ ರೊಟ್ರಿ! ಬಿಸೀದು ಮಾಡತೇನಿ ತಡೀರಿ" ಎಂದು ಗಿರಿಜಾ ಗಾಬರಿಯಾದಳು.

"ನಿನ್ನೀವ ಛಲೋ ಇರತಾವ್ರಿ" ಎಂದರು ಅಳಿಯಂದಿರು, ಆಗಲೇ ಬಾಯಿ ತುಂಬಿಕೊಂಡು. "ಮೊಸರೈತೇನ್ರಿ?"